ಮೂವತ್ತು ಪಟ್ಟಿನ ಮಸೂರ ಮತ್ತು ಅವರೆ ಗಿಡದ ಹೂನೊಣ

ಮಾಗಿಯಲ್ಲಿ ಹಿತ್ತಲಿನ ಅವರೆ ಗಿಡಗಳಿಗೆ ಕರಿಹೇನು ಹತ್ತಿದಾಗ, ಅವುಗಳ ಸುತ್ತ ಗಾಳಿಯಲ್ಲಿ ನಿಂತಲ್ಲೇ ನಿಲ್ಲುತ್ತಿದ್ದ ಹೂನೊಣಗಳನ್ನು ಹತ್ತಿರದಿಂದ ನೋಡುವ ಆಸೆಯಿಂದ ಆನ್‌ಲೈನಿನಲ್ಲಿ 650 ರೂಪಾಯಿ ಕೊಟ್ಟು ಮಡಚುವ ಕೈಮಸೂರವೊಂದನ್ನು ತರಿಸಿದೆ. ಒಂದು ಋತು ಪೂರ್ತಿ ಬಳಸಿದ ಮೇಲೆ ಈ ಮಾತುಗಳನ್ನು ಬರೆಯುತ್ತಿದ್ದೇನೆ.

ಮೊದಲಿಗೆ ದೂರು. ಡಬ್ಬಿಯ ಮೇಲೆ 30 ಪಟ್ಟು ಎಂದು ಅಚ್ಚಾಗಿದೆ. ಆದರೆ ದಿನಪತ್ರಿಕೆಯ ಅಕ್ಷರ ನಿಚ್ಚಳವಾಗುವುದು ಮಸೂರವನ್ನು ಸುಮಾರು ಎರಡೂವರೆ ಸೆಂಟಿಮೀಟರ್ ದೂರದಲ್ಲಿ ಹಿಡಿದಾಗ. ಬರಿಗಣ್ಣಿನ ಓದಿಗೆ ಲೆಕ್ಕ ಹಿಡಿಯುವ 25 ಸೆಂಟಿಮೀಟರನ್ನು ಅದರಿಂದ ಭಾಗಿಸಿದರೆ ಸಿಗುವುದು 10 ಮಾತ್ರ. ನಿಜಕ್ಕೂ 30 ಪಟ್ಟಿನದಾಗಿದ್ದರೆ ಗಾಜನ್ನು ಎಲೆಗೆ ಒಂದು ಸೆಂಟಿಮೀಟರಿಗಿಂತ ಹತ್ತಿರ ಒಯ್ಯಬೇಕಾಗುತ್ತಿತ್ತು, ಆಗ ಬೆಳಕೇ ಬೀಳುತ್ತಿರಲಿಲ್ಲ. ಹೀಗಾಗಿ ಸುಳ್ಳು ಹೇಳಿದ್ದು ಅಕ್ಷಮ್ಯವಾದರೂ, ಕೈಗೆ ಬಂದದ್ದು ಕೆಲಸಕ್ಕೆ ಬರುವ ಮಸೂರವೇ. ಅಂಚಿನಲ್ಲಿ ನೇರಳೆ ಬಣ್ಣದ ಗೆರೆ ಕಾಣುತ್ತದೆ, ನಡುಭಾಗ ಮಾತ್ರ ಸ್ವಚ್ಛ.

ಹಾರುವ ಹೂನೊಣವನ್ನು ನೋಡಲು ಇದನ್ನು ಕೊಳ್ಳುವವರಿಗೆ ನಿರಾಶೆ ಕಾದಿದೆ. ಎರಡೂವರೆ ಸೆಂಟಿಮೀಟರ್ ಹತ್ತಿರ ಮುಖ ಒಯ್ಯುವವರೆಗೆ ಯಾವ ನೊಣ ತಾನೇ ಕಾದೀತು? ಕಿಟಕಿಯ ಬಳಿ ಸತ್ತುಬಿದ್ದಿದ್ದ ಒಂದನ್ನು ಬಿಳಿ ಕಾಗದದ ಮೇಲಿಟ್ಟು ನೋಡಿದೆ. ಕಣಜದ ವೇಷ ತೊಟ್ಟಿದ್ದರೂ ಅದಕ್ಕಿದ್ದದ್ದು ಒಂದೇ ಜೊತೆ ರೆಕ್ಕೆ. ಹಿಂದಿನ ಜೊತೆಯ ಜಾಗದಲ್ಲಿ ಹಾರಾಟದ ತೋಲ ಕಾಯುವ ಸಣ್ಣ ಗುಂಡುಗಡ್ಡಿಗಳಿದ್ದವು. ಕಿತ್ತಳೆ ಹೊಟ್ಟೆಯ ಮೂರನೆಯ, ನಾಲ್ಕನೆಯ ಖಂಡಗಳಿಗೆ ತಲಾ ಒಂದು ದಪ್ಪ, ಒಂದು ತೆಳು ಕಪ್ಪು ಪಟ್ಟೆ. 1776ರಲ್ಲಿ ಸ್ವೀಡನ್ನಿನ ಕೀಟತಜ್ಞ ದೆ ಗೀರ್ ವಿವರಿಸಿದ ಹೂನೊಣ ಜಾತಿ ಎಪಿಸಿರ್ಫಸ್ ಬಾಲ್ಟಿಯೇಟಸ್‌ನ ಗುರುತೇ ಈ ಜೋಡಿ ಪಟ್ಟೆ. ಕಣ್ಣುಗಳು ನೆತ್ತಿಯಲ್ಲಿ ಒಂದಕ್ಕೊಂದು ತಾಗಿದ್ದುದರಿಂದ ಅದು ಗಂಡೆಂದು ತಿಳಿಯಿತು.

ಆದರೆ ಈ ಮಸೂರಕ್ಕೆ ಕೊಟ್ಟ ಹಣ ಸಾರ್ಥಕವಾದದ್ದು ಎಲೆಯ ಅಡಿಯಲ್ಲಿ. ಹೇನಿನ ಗುಂಪಿನ ಪಕ್ಕದಲ್ಲಿ, ಬರಿಗಣ್ಣಿಗೆ ಬಿಳಿ ಚುಕ್ಕೆಯಂತಿದ್ದದ್ದು ಗೆರೆಗೆರೆಯ ಹೊದಿಕೆಯ ನೀಳ ಮೊಟ್ಟೆಯಾಯಿತು. ಹೇನು ಸುರಿಸುವ ಸಿಹಿ ಅಂಟಿನ ವಾಸನೆ ಹಿಡಿದೇ ತಾಯಿನೊಣ ಇಂಥ ಜಾಗ ಹುಡುಕುತ್ತದೆ. ಮೂರನೆಯ ದಿನ ಅಲ್ಲಿ ಕಾಲಿಲ್ಲದ, ಕಣ್ಣಿಲ್ಲದ ಮರಿಹುಳು ತಲೆಯನ್ನು ಆ ಕಡೆ ಈ ಕಡೆ ಬೀಸುತ್ತಿತ್ತು. ಹೇನೊಂದು ತಾಗಿದೊಡನೆ ಅದನ್ನು ಕಚ್ಚಿ ಎಲೆಯಿಂದ ಮೇಲೆತ್ತಿ ಹೀರಿ, ತೊಗಲನ್ನು ಬಿಸಾಡಿತು. ಬೆಳೆದಂತೆ ಅದರ ಚರ್ಮ ಎಷ್ಟು ಪಾರದರ್ಶಕವಾಯಿತೆಂದರೆ, ಒಳಗಿನ ಬಿಳಿ ಕೊಬ್ಬು ಮತ್ತು ನಡುವೆ ಕಪ್ಪಗೆ ಮಿಡಿಯುವ ಕರುಳು ಗಾಜಿನಡಿ ಸ್ಪಷ್ಟವಾಗಿ ಕಂಡವು. ಹೀಗೆ ಒಂದೊಂದು ಹುಳು ನೂರಾರು ಹೇನುಗಳನ್ನು ಮುಗಿಸುತ್ತದೆ. ಎಲೆಯ ಮೇಲೆ ಹುಳು ಕಂಡೊಡನೆ ಔಷಧಿ ಹೊಡೆಯುವ ನಮ್ಮ ರೂಢಿಯಲ್ಲಿ ಸಾಯುವುದು ಹೆಚ್ಚಾಗಿ ಇದೇ. ನಾನೂ ಹಿಂದಿನ ವರ್ಷ ಹಾಗೇ ಮಾಡಿದ್ದೆ.

ಒಂದನ್ನು ಹೇನು ಹತ್ತಿದ ಕುಡಿಯೊಡನೆ ಗಾಜಿನ ಬಾಟಲಿಯಲ್ಲಿ ಸಾಕಿದೆ. ಕೋಶ ಕಟ್ಟುವ ಮುನ್ನ ಅದು ಡಾಂಬರಿನಂಥ ಕಪ್ಪು ಹಿಕ್ಕೆಯನ್ನು ಒಮ್ಮೆಗೇ ಹೊರಹಾಕಿ, ಎಲೆಗೆ ಅಂಟಿ, ನೀರಹನಿಯ ಆಕಾರದಲ್ಲಿ ಗಟ್ಟಿಯಾಯಿತು. ಹೊರಬಂದ ನೊಣದ ಪಟ್ಟೆಗಳು ಕಿಟಕಿಯಲ್ಲಿ ಸಿಕ್ಕಿದ್ದಕ್ಕಿಂತ ಅಗಲವಾಗಿದ್ದವು. ಕೋಶದೊಳಗಿದ್ದಾಗ ಚಳಿ ಹೆಚ್ಚಿದ್ದರೆ ಈ ಜಾತಿಯ ಬಣ್ಣ ಕಪ್ಪಿಗೆ ತಿರುಗುತ್ತದೆ. ನನ್ನ ಬಾಟಲಿಯಿದ್ದದ್ದು ಹಿತ್ತಲ ಜಗಲಿಯಲ್ಲಿ.

ಹೂನೊಣದ ಫೋಟೊ ಬೇಕಾದವರು ಇದನ್ನು ಕೊಳ್ಳಬೇಡಿ. ಮೊಟ್ಟೆ, ಹುಳು, ಕೋಶ ನೋಡುವವರು ಧಾರಾಳವಾಗಿ ಕೊಳ್ಳಬಹುದು, 10 ಪಟ್ಟು ಎಂದು ತಿಳಿದುಕೊಂಡು. ಮಡಚುವ ಜಾಗದ ತಿರುಪು ಎರಡು ತಿಂಗಳಿಗೆ ಸಡಿಲವಾಗುತ್ತದೆ, ಕನ್ನಡಕ ರಿಪೇರಿಯ ಸಣ್ಣ ಸ್ಕ್ರೂಡ್ರೈವರ್ ಸಾಕು.