ಹಳೇ ಸಿಲ್ವರ್ ಕಾರಿಗೆ ಸ್ಪ್ರೇ ಕ್ಯಾನ್ ಹೊಡೆಸುವ ಮೊದಲು ಇದನ್ನೊಮ್ಮೆ ಓದಿ

ಕಾಸರಗೋಡು, ಕುಂಬಳೆ, ಉಪ್ಪಳ ಕಡೆ ಹಳೇ ಸಿಲ್ವರ್ ಕಾರು ಇಟ್ಕೊಂಡವರಿಗೆ ಹೇಳುದು ಇದು. ಯಾರಾದ್ರೂ ಅಂಗಡಿಯವರು "ನಿಮ್ಮ ಕಾರಿನ ಕಲರೇ ಉಂಟು, ಕ್ಯಾನಲ್ಲಿ ಬರ್ತದೆ, ಇಲ್ಲೇ ಹೊಡೆದು ಕೊಡ್ತೇವೆ" ಅಂತ ಹೇಳಿದ್ರೆ ಕೂಡ್ಲೇ ಕೀ ಕೊಡ್ಬೇಡಿ. ಮೊದಲು ಒಂದು ತುಂಡು ತಗಡಿಗೆ ಹೊಡೆದು, ಒಣಗಿಸಿ, ಕಾರಿನ ಪಕ್ಕ ಹಿಡಿದು ಬಿಸಿಲಲ್ಲಿ ತೋರಿಸಿ ಅಂತ ಕೇಳಿ. ಅದಕ್ಕೆ ಆಗುದಿಲ್ಲ ಅಂದ್ರೆ ಅಲ್ಲಿಂದ ಹೊರಡಿ.

ನಮ್ಮದು 2007ರ ವ್ಯಾಗನಾರ್, ಸಿಲ್ಕಿ ಸಿಲ್ವರ್. ಓಣಿಯಲ್ಲಿ ತಿರುಗಿಸುವಾಗ ಕೆಂಪುಕಲ್ಲಿನ ಕಂಪೌಂಡು ತಾಗಿ ಹಿಂದಿನ ಡೋರಲ್ಲಿ ಅಂಗೈಯಷ್ಟು ಜಾಗದ ಪೈಂಟ್ ಎದ್ದು ಹೋಗಿತ್ತು, ಒಂದು ಕಡೆ ತಗಡೇ ಕಾಣ್ತಿತ್ತು, ಸಮುದ್ರದ ಹತ್ರದ ಊರು, ಮಳೆಗಾಲ ಬೇರೆ ಬರ್ತಾ ಉಂಟು, ಹಾಗೇ ಬಿಟ್ರೆ ತುಕ್ಕು ಹಿಡಿತದಲ್ಲ ಅಂತ ಹೈವೇ ಬದಿಯ ಒಂದು ಎಕ್ಸೆಸರೀಸ್ ಅಂಗಡಿಗೆ ಹೋದದ್ದು. ಅಂಗಡಿಯವ ಕ್ಯಾನ್ ತೆಗೆದು ಲೇಬಲ್ ತೋರಿಸಿದ. ಸಿಲ್ಕಿ ಸಿಲ್ವರ್ ಅಂತಲೇ ಇತ್ತು. "ಸೇಮ್ ಟು ಸೇಮ್ ಅಣ್ಣಾ, ಗೊತ್ತೇ ಆಗುದಿಲ್ಲ" ಅಂತ ಹೇಳಿ ಹುಡುಗನನ್ನು ಕರೆದ. ಹುಡುಗ ಸ್ಯಾಂಡ್ ಪೇಪರಲ್ಲಿ ಉಜ್ಜಿದ, ಸುತ್ತ ಟೇಪ್ ಅಂಟಿಸಿದ, ಶೆಡ್ಡಿನ ಒಳಗೆ ಟ್ಯೂಬ್‌ಲೈಟಿನ ಕೆಳಗೆ ಹೊಡೆದ. ಅಲ್ಲಿ ಚಂದವೇ ಕಂಡಿತು, ದುಡ್ಡು ಕೊಟ್ಟು ಬಂದದ್ದಾಯ್ತು.

ಬಿಸಿಲಿಗೆ ತಂದು ನಿಲ್ಲಿಸಿದಾಗ ನೋಡ್ಬೇಕಿತ್ತು ಮಾರಾಯ್ರೆ. ಎದುರು ನಿಂತು ನೋಡಿದ್ರೆ ಆ ಜಾಗ ಬೆಳ್ಳಗೆ, ಡಿಕ್ಕಿಯ ಹತ್ರ ಹೋಗಿ ಓರೆಯಾಗಿ ನೋಡಿದ್ರೆ ಅದೇ ಜಾಗ ಕಪ್ಪು. ಟೇಪಿನ ಗೆರೆ ನಾಲ್ಕೂ ಕಡೆ ಸರಿಯಾಗಿ ಕಾಣ್ತದೆ, ಕೈ ಆಡಿಸಿದ್ರೆ ದೊರಗು. ಗೀರು ಇದ್ದಾಗ ಯಾರೂ ಕೇಳ್ತಿರ್ಲಿಲ್ಲ, ಈಗ ಕಂಡವರೆಲ್ಲ "ಎಂತ ಆಕ್ಸಿಡೆಂಟಾ" ಅಂತ ಕೇಳ್ಲಿಕ್ಕೆ ಶುರು. ವಾಪಸ್ ಹೋಗಿ ಹೇಳಿದ್ರೆ ಮೊದಲು "ಒಣಗಿದ್ಮೇಲೆ ಸೆಟ್ ಆಗ್ತದೆ" ಅಂದ, ಮತ್ತೆ "ಪಾಲಿಶ್ ಮಾಡ್ಸಿ" ಅಂದ, ಕೊನೆಗೆ "ನಿಮ್ಮ ಗಾಡಿ ಹಳತಾಯ್ತಲ್ಲ, ಅದಕ್ಕೆ ನಾವೆಂತ ಮಾಡುದು" ಅಂತ. ಈ ಕೊನೆಯ ಮಾತು ನೂರಕ್ಕೆ ನೂರು ಸತ್ಯ, ಆದ್ರೆ ಅದನ್ನು ಕ್ಯಾನ್ ಮಾರುವ ಮೊದಲು ಹೇಳ್ಬೇಕಿತ್ತು.

ಮತ್ತೆ ಮಂಗಳೂರಿನ ಒಬ್ರು ಹಳೇ ಪೈಂಟರ್ ಹತ್ರ ತೋರಿಸಿದಾಗ ಅವರು ಬಿಡಿಸಿ ಹೇಳಿದ್ರು. ಕಾರಿಗೆ ಒಂದು ಕಲರ್ ಕೋಡ್ ಇರ್ತದೆ, ಕಂಪೆನಿ ನೋಡಿಕೊಂಡು ಬಾನೆಟ್ ಒಳಗಿನ ಪ್ಲೇಟಲ್ಲೋ ಡೋರಿನ ಕಂಬದ ಸ್ಟಿಕ್ಕರಲ್ಲೋ, ಮಾರುತಿಯ ಸಿಲ್ಕಿ ಸಿಲ್ವರಿಗೆ ಝಡ್-2-ಎಸ್. ಆದ್ರೆ ಆ ಕೋಡ್ ಹೇಳುದು ಫ್ಯಾಕ್ಟರಿಯಿಂದ ಹೊರಗೆ ಬಂದ ದಿನದ ಬಣ್ಣ. ಅಷ್ಟು ವರ್ಷ ಬಿಸಿಲಲ್ಲಿ ನಿಂತ ಮೇಲೆ ಡೋರಿನ ಬಣ್ಣ ಬೇರೆಯೇ ಆಗಿರ್ತದೆ, ಅದನ್ನು ನೋಡ್ಬೇಕಾದ್ರೆ ಪೆಟ್ರೋಲ್ ಮುಚ್ಚಳ ತೆಗೆದು ಒಳಗಿನ ಬಣ್ಣವನ್ನು ಹೊರಗಿನದಕ್ಕೆ ಹೋಲಿಸಿ ಸಾಕು. ಒಂದೇ ಕೋಡಿಗೇ ಪೈಂಟ್ ಕಂಪೆನಿಗಳ ಹತ್ರ ಸ್ವಲ್ಪ ಸ್ವಲ್ಪ ವ್ಯತ್ಯಾಸದ ಬೇರೆ ಬೇರೆ ಫಾರ್ಮುಲಾ ಕೂಡ ಇರ್ತದಂತೆ. ಬರೀ ಹೆಸರು ನೋಡಿ ಕ್ಯಾನ್ ಕೊಡುದು ಅಂದ್ರೆ ಊರಿನ ಹೆಸರು ಮಾತ್ರ ಬರೆದು ಕಾಗದ ಹಾಕಿದ ಹಾಗೆ.

ಸಿಲ್ವರಿಗೆ ಇನ್ನೊಂದು ತಾಪತ್ರಯ ಉಂಟು. ಅದರಲ್ಲಿ ಸಣ್ಣ ಸಣ್ಣ ಅಲ್ಯುಮಿನಿಯಂ ಚೂರು ಇರ್ತದಲ್ಲ, ಅದು ಹೇಗೆ ಮಲಗ್ತದೆ ಅನ್ನುದರ ಮೇಲೆ ಬಣ್ಣ ಕಾಣುದು. ದೂರದಿಂದ ಒಣ ಒಣ ಹೊಡೆದ್ರೆ ಬೆಳ್ಳಗೆ, ಹತ್ರದಿಂದ ಒದ್ದೆಯಾಗಿ ಹೊಡೆದ್ರೆ ಕಪ್ಪು, ಅದೇ ಡಬ್ಬ, ಅದೇ ಪೈಂಟ್. ಪೈಂಟರ್ ಹತ್ರ ಇರುವ ಸ್ಪ್ರೇ ಗನ್ನಿನಲ್ಲಾದ್ರೆ ಪ್ರೆಶರ್ ಹೆಚ್ಚು ಕಡಿಮೆ ಮಾಡ್ಬಹುದು, ಕ್ಯಾನಲ್ಲಿ ಆ ಚಾಯ್ಸ್ ಇಲ್ಲ. ಹೀಗಾಗಿ ಬಲ್ಲವರು ಸಿಲ್ವರನ್ನು ಗೀರಿನಷ್ಟಕ್ಕೇ ನಿಲ್ಲಿಸುದೇ ಇಲ್ಲ, ಬಣ್ಣವನ್ನು ಸುತ್ತ ತೆಳ್ಳಗೆ ಹರಡಿ ಹಳೇ ಬಣ್ಣದಲ್ಲಿ ಸೇರಿಸಿ ಇಡೀ ಡೋರಿಗೆ ಕ್ಲಿಯರ್ ಕೋಟ್, ಅಂದ್ರೆ ಬಣ್ಣ ಇಲ್ಲದ ಹೊಳಪಿನ ಮೇಲ್ಪದರ, ಹಾಕ್ತಾರೆ. ನಮ್ಮ ಡೋರಿಗೆ ಕ್ಲಿಯರ್ ಹೊಡೆದೇ ಇರ್ಲಿಲ್ಲ! ದೊರಗು ಬಂದದ್ದು, ಹೊಳಪಿಲ್ಲದ್ದು ಅರ್ಧ ಅದರಿಂದ. ಪ್ಲೇನ್ ವೈಟಿಗೆ, ಕೆಂಪಿಗೆ ಇಷ್ಟು ರಗಳೆ ಇಲ್ಲ, ಆದ್ರೂ ಹಳೇ ಕೆಂಪು ಮಾಸಿ ಗುಲಾಬಿ ಆಗಿದ್ರೆ ಅದಕ್ಕೂ ಕಷ್ಟವೇ.

ಇನ್ನು ಮಳೆಗಾಲ. ಪೈಂಟಿನ ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗ್ತದೆ, ನಮ್ಮ ಕಡೆಯ ಗಾಳಿಯ ನೀರೆಲ್ಲ ಅದರ ಮೇಲೆ ಕೂತು ಹಾಲಿನ ಹಾಗೆ ಬಿಳಿ ಮಬ್ಬು ಬರ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ತೆರೆದ ಶೆಡ್ಡಲ್ಲಿ ಯಾರು ಹೊಡೀತೇನೆ ಅಂದ್ರೂ ಬೇಡ ಅನ್ನಿ. ತುಕ್ಕಿನ ಹೆದರಿಕೆ ಇದ್ರೆ ತಗಡು ಕಂಡ ಜಾಗಕ್ಕೆ ಮಾತ್ರ ತುಕ್ಕು ಉಜ್ಜಿ ತೆಗೆದು ಪ್ರೈಮರ್ (ಬಣ್ಣದ ಅಡಿಗೆ ಹಚ್ಚುವ ಪೈಂಟ್) ಮುಟ್ಟಿಸಿ ಇಡಿ, ಚಂದ ಆಮೇಲೆ ನೋಡುವ.

ಕ್ಯಾನೇ ಬೇಕು ಅನ್ನುವವರು ಪೈಂಟ್ ಮಿಕ್ಸಿಂಗ್ ಇರುವ ಅಂಗಡಿಗೆ ಹೋಗಿ, ಪೆಟ್ರೋಲ್ ಮುಚ್ಚಳ ಬಿಚ್ಚಿ ಕೊಂಡುಹೋಗಿ, ಅದರ ಹೊರಗಿನ ಬಣ್ಣವನ್ನು ಮೊದಲು ರಬ್ಬಿಂಗ್ ಮಾಡಿಸಿ ಮಾಸಲು ತೆಗೆಸಿ, ಇಲ್ಲದಿದ್ರೆ ಕೊಳೆಗೇ ಮ್ಯಾಚ್ ಮಾಡಿ ಕೊಡ್ತಾರೆ. ಕಲಸಿದ್ದನ್ನು ಕ್ಯಾನಿಗೆ ತುಂಬಿಸಿ ಕೊಡುವವರೂ ಇದ್ದಾರೆ. ಮುಚ್ಚಳ ಬದಲಾಯಿಸಿದ್ದೋ ಮೊದಲೇ ಪೈಂಟ್ ಆದದ್ದೋ ಆಗಿದ್ರೆ ಅದು ಪ್ರಯೋಜನ ಇಲ್ಲ, ಕಾರನ್ನೇ ಕೊಂಡುಹೋಗ್ಬೇಕು.

ಈಗಾಗ್ಲೇ ನನ್ನ ಹಾಗೆ ತೇಪೆ ಬಿದ್ದವರು ತಲೆಬಿಸಿ ಮಾಡಿ ಬ್ಲೇಡಲ್ಲಿ ಕೆರೀಬೇಡಿ. ಸಾಧಾರಣ ಕ್ಯಾನಿನ ಪೈಂಟ್ ಥಿನ್ನರಿಗೆ ಕರಗ್ತದೆ, ಫ್ಯಾಕ್ಟರಿಯಲ್ಲಿ ಬೇಯಿಸಿದ ಪೈಂಟ್ ಅಷ್ಟು ಬೇಗ ಕರಗುದಿಲ್ಲ, ನಮ್ಮ ಪೈಂಟರ್ ಬಟ್ಟೆಗೆ ಸ್ವಲ್ಪ ಸ್ವಲ್ಪ ಥಿನ್ನರ್ ಮುಟ್ಟಿಸಿ ಒರೆಸಿಯೇ ಇಡೀ ತೇಪೆ ತೆಗೆದ್ರು. ಆದ್ರೆ ಪ್ಲಾಸ್ಟಿಕ್ ಬಂಪರಿಗೆ, ಮತ್ತೆ ಮೊದಲೇ ಗ್ಯಾರೇಜಲ್ಲಿ ಪೈಂಟ್ ಆದ ಭಾಗಕ್ಕೆ ಇದನ್ನು ಮಾಡ್ಲೇಬೇಡಿ, ಅಡಿಯದ್ದೂ ಎದ್ದು ಬರ್ಬಹುದು.