ಗುಂಡಿ ತೆಗೆಯುವ ಯಂತ್ರ: ಟು ಸ್ಟ್ರೋಕ್ ಕೊಳ್ಳಬೇಕೇ, ಫೋರ್ ಸ್ಟ್ರೋಕ್ ಕೊಳ್ಳಬೇಕೇ?

ಅಡಿಕೆ, ಕಾಫಿ ಸಸಿಗೆ ಗುಂಡಿ ತೆಗೆಯುವ ಪೆಟ್ರೋಲ್ ಯಂತ್ರ ಕೊಳ್ಳುವವರು ಬೆಲೆಗಿಂತ ಮೊದಲು ಯೋಚಿಸಬೇಕಾದದ್ದು: ಅದನ್ನು ನಡೆಸುವವರು ಯಾರು?

ಟು ಸ್ಟ್ರೋಕ್ ಎಂಜಿನ್‌ನ ಪೆಟ್ರೋಲ್‌ಗೆ 2ಟಿ ಎಣ್ಣೆ (ಟು ಸ್ಟ್ರೋಕ್ ಎಂಜಿನ್‌ಗೆಂದೇ ಬರುವ ಎಣ್ಣೆ) ಬೆರೆಸಲೇಬೇಕು. ಕೈಪಿಡಿ 25:1 (25 ಪಾಲು ಪೆಟ್ರೋಲ್‌ಗೆ ಒಂದು ಪಾಲು ಎಣ್ಣೆ) ಎಂದರೆ ಲೀಟರಿಗೆ 40 ಮಿ.ಲೀ. ಮರೆತು ಬರೀ ಪೆಟ್ರೋಲ್ ತುಂಬಿ ಓಡಿಸಿದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಆ ರಿಪೇರಿಯ ಖರ್ಚು ನಿಜಕ್ಕೂ ಹೊಟ್ಟೆ ಉರಿಸುವಂಥದ್ದು. ಎಣ್ಣೆ ಹೆಚ್ಚಾದರೆ ಹೊಗೆ, ಪ್ಲಗ್‌ಗೆ ಮಸಿ. ಆದರೆ ಯಂತ್ರ ಹಗುರ, ಮಲೆನಾಡಿನ ಇಳಿಜಾರಿಗೆ ಹೇಳಿ ಮಾಡಿಸಿದ್ದು.

ಫೋರ್ ಸ್ಟ್ರೋಕ್‌ನಲ್ಲಿ ಬೆರೆಸುವ ಗೊಡವೆಯಿಲ್ಲ. ಆದರೆ ಪ್ರತಿದಿನ ಎಂಜಿನ್ ಎಣ್ಣೆಯ ಮಟ್ಟ ನೋಡಬೇಕು, ಕಾಲಕಾಲಕ್ಕೆ ಬದಲಿಸಬೇಕು. ತೂಕ ಸ್ವಲ್ಪ ಹೆಚ್ಚು.

ಎರಡನ್ನೂ ಕಾಡುವ ರೋಗ ಒಂದೇ: ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಉಳಿದ ಪೆಟ್ರೋಲ್. ಪೆಟ್ರೋಲ್‌ನಲ್ಲಿ ಬೆರೆತಿರುವ ಎಥನಾಲ್ ತೇವ ಹೀರುತ್ತದೆ, ಕಾರ್ಬುರೇಟರ್ ಕಟ್ಟಿಕೊಳ್ಳುತ್ತದೆ. ಟ್ಯಾಂಕ್ ಬರಿದು ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಎತ್ತಿಡಿ. ಎಂಜಿನ್ ಓಡಿದರೂ ಬಿಟ್ (ಮಣ್ಣು ಕೊರೆಯುವ ತಿರುಪು) ತಿರುಗದಿದ್ದರೆ ಮೊದಲು ಕ್ಲಚ್ ನೋಡಿ. ತಿರುಗಿಯೂ ಮಣ್ಣಿಗೆ ಇಳಿಯದಿದ್ದರೆ ಅಲಗು ಸವೆದಿರಬಹುದು.

ನೀವೇ ನಡೆಸುವುದಾದರೆ ಟು ಸ್ಟ್ರೋಕ್ ಸಾಕು. ನಾಲ್ಕು ಕೈ ಬದಲಾಗುವ ತೋಟಕ್ಕೆ ನಾನು ಫೋರ್ ಸ್ಟ್ರೋಕ್ ಅನ್ನೇ ಹೇಳುತ್ತೇನೆ.