ದುರ್ಗದ ಭಾನುವಾರದ ಫಿಸಿಕ್ಸ್ ಟ್ಯೂಷನ್: ಅರ್ಥ ಆಗುವ ಹಾಗೆ ಪಾಠ

ಸೆಕೆಂಡ್ ಪಿಯುಸಿ ಮಕ್ಕಳಿರುವವರು ಚಿತ್ರದುರ್ಗದಲ್ಲಿ ಕೋಟೆ ಕಡೆಗಿರುವ ಈ ಟ್ಯೂಷನ್ ನೋಡಿ. ರಿಟೈರ್ಡ್ ಲೆಕ್ಚರರ್ ಒಬ್ಬರು ಮನೆ ಮಹಡಿ ಮೇಲೆ ನಡೆಸುತ್ತಾರೆ. ಮಗಳನ್ನು ಚಳ್ಳಕೆರೆಯಿಂದ ಬಸ್ಸಲ್ಲಿ ಕರೆತಂದು ನಾನೂ ಹಿಂದಿನ ಬೆಂಚಲ್ಲಿ ಕೂರುತ್ತೇನೆ. ಹತ್ತನೇ ಕ್ಲಾಸಿಗೇ ಓದು ನಿಲ್ಲಿಸಿದವಳು ನಾನು. ಆದರೂ ನ್ಯೂಕ್ಲಿಯಸ್ ಪಾಠ ಪೂರ್ತಿ ತಲೆಗೆ ಹೋಯಿತು.

ಸರ್ ಸೂತ್ರ ಬರೆಯಲಿಲ್ಲ. ಜೇಬಿನಿಂದ ಶೇಂಗಾ ತೆಗೆದು, ಸಿಪ್ಪೆ ಒಡೆದು, ಕಾಳನ್ನು ಅಂಗೈಯಲ್ಲಿಟ್ಟು ಕೊನೆ ಬೆಂಚಿನವರೆಗೂ ತೋರಿಸಿದರು. ಲ್ಯಾಟಿನ್‌ನಲ್ಲಿ ನ್ಯೂಕ್ಲಿಯಸ್ ಅಂದರೆ ಇದೇ, ಕಾಯಿಯೊಳಗಿನ ಬೀಜ. ಪರಮಾಣುವಿನ ನಡುವೆ ಇಂಥದ್ದೊಂದು ಗಟ್ಟಿ ಭಾಗ ಇದೆ ಎಂದು ರುದರ್‌ಫರ್ಡ್ 1911ರಲ್ಲಿ ಹೇಳಿದರು.

ಆಮೇಲೆ ಬಾಂಬ್ ವಿಷಯ. 'ಅಟಾಮಿಕ್ ಬಾಂಬ್' ಅನ್ನುವ ಮಾತು 1914ರಲ್ಲೇ ಎಚ್.ಜಿ. ವೆಲ್ಸ್ ಕಾದಂಬರಿಯಲ್ಲಿ ಬಂದಿತ್ತು. ಆಗ ಅಂಥ ಬಾಂಬೇ ಇರಲಿಲ್ಲ! ಅದನ್ನು ಓದಿದ್ದ ವಿಜ್ಞಾನಿ ಲಿಯೋ ಸಿಲಾರ್ಡ್‌ಗೆ 1933ರಲ್ಲಿ ಚೈನ್ ರಿಯಾಕ್ಷನ್ ಹೊಳೆಯಿತು, ಅಂದರೆ ಒಂದು ಪರಮಾಣುವಿನಲ್ಲಿ ಆದದ್ದು ಮುಂದಿನವನ್ನೂ ಎಬ್ಬಿಸುತ್ತಾ ಸರಪಳಿಯಂತೆ ಸಾಗುವುದು. ನ್ಯೂಕ್ಲಿಯಸ್ ಒಡೆದು ಎರಡಾಗುವುದಕ್ಕೆ 'ಫಿಷನ್' ಅನ್ನುವ ಹೆಸರನ್ನು ವಿಜ್ಞಾನಿ ಒಟ್ಟೋ ಫ್ರಿಶ್ 1939ರಲ್ಲಿ ಜೀವಶಾಸ್ತ್ರದಿಂದ ತಂದರು, ಒಂದು ಜೀವಕೋಶ ಎರಡಾಗುವುದಕ್ಕೆ ಹೇಳುವ ಮಾತದು. 1945ರ ಆಗಸ್ಟ್ 6ರಂದು ಅಮೆರಿಕದ ಅಧ್ಯಕ್ಷ ಟ್ರೂಮನ್ ಹೇಳಿಕೆಯಲ್ಲೂ 'ಅಟಾಮಿಕ್ ಬಾಂಬ್' ಅಂತಲೇ ಇತ್ತು. ಆ ವರ್ಷ ಮುಗಿಯುವಷ್ಟರಲ್ಲಿ ಹಿರೋಶಿಮಾದಲ್ಲಿ ಸತ್ತವರು ಸುಮಾರು 1,40,000 ಅಂತ ಅಂದಾಜು. ಇದನ್ನೂ ಸರ್ ಬಿಡದೆ ಬೋರ್ಡ್ ಮೇಲೆ ಬರೆದರು. ಅದು ನನಗೆ ತುಂಬಾ ಹಿಡಿಸಿತು.

ಪಟಾಕಿ ಸಿಡಿದಾಗಲೂ ಪರಮಾಣುಗಳದ್ದೇ ಕೆಲಸ, ಆದರೆ ಹೊರಗಿನ ಎಲೆಕ್ಟ್ರಾನ್‌ಗಳದ್ದು ಮಾತ್ರ. ಈ ಬಾಂಬಲ್ಲಿ ಒಡೆಯುವುದು ಒಳಗಿನ ಬೀಜ. ಅದಕ್ಕೇ 'ನ್ಯೂಕ್ಲಿಯರ್' ಅನ್ನುವುದೇ ಹೆಚ್ಚು ಸರಿ ಅಂತ ಸರ್ ಬಿಡಿಸಿ ಹೇಳಿದರು. ಕನ್ನಡ ಪುಸ್ತಕದಲ್ಲಿ ಅಣು ಅಂದರೆ ಮಾಲಿಕ್ಯೂಲ್, ಪರಮಾಣು ಅಂದರೆ ಆಟಂ. ಆದರೂ ನಾವೆಲ್ಲ ಅಣುಬಾಂಬ್ ಅಂತೀವಿ, ಅಲ್ವಾ? ಹೈಸ್ಕೂಲು ಕನ್ನಡದಲ್ಲಿ ಓದಿದ ಮಕ್ಕಳು ಎಡವುವುದು ಇಲ್ಲೇ.

ಉಳ್ಳಾರ್ತಿ ಕಾವಲಿನಲ್ಲಿ ಬಾರ್ಕ್‌ಗೆ, ಅಂದರೆ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ, ಜಾಗ ಕೊಟ್ಟಿರುವ ತಾಲ್ಲೂಕು ನಮ್ಮದು. ನಮ್ಮ ಮಕ್ಕಳಿಗೆ ಇದು ಸುಮ್ನೆ ಪರೀಕ್ಷೆಯ ಪಾಠ ಆಗಬಾರದು.

ಕೊರತೆ ಇದೆ. ರೂಮಲ್ಲಿ ಒಂದೇ ಫ್ಯಾನು, ಬೇಸಿಗೆಯಲ್ಲಿ ಬೆಂದು ಹೋಗುತ್ತೇವೆ. ನೋಟ್ಸ್ ಇಂಗ್ಲಿಷಲ್ಲಿ ಮಾತ್ರ. ಲೆಕ್ಕ ಮಾಡಿಸುವುದು ಕಡಿಮೆ, ಅರ್ಧ ತಾಸೂ ಸಿಗುವುದಿಲ್ಲ. ಸಿಇಟಿಗೆ ಲೆಕ್ಕದ ಅಭ್ಯಾಸ ಜಾಸ್ತಿ ಬೇಕು ಅನ್ನುವವರು ಅದಕ್ಕೆ ಬೇರೆ ಕಡೆ ಸೇರಿಸಿ. ಫೀಸು ತಿಂಗಳಿಗೆ 600, ಒಟ್ಟಿಗೆ ಕಟ್ಟಿ ಅಂತ ಒತ್ತಾಯ ಇಲ್ಲ. ಜೂನ್‌ನಲ್ಲೇ ಹೋಗಿ ಮಾತಾಡಿ, ಆಮೇಲೆ ಬೆಂಚಲ್ಲಿ ಜಾಗ ಸಿಗುವುದಿಲ್ಲ.